ಸೂರ್ಯನ ಮೇಲಿದ್ದದ್ದು ಯಾವುದು, ಚಿತ್ರದಲ್ಲಿ ಹುಟ್ಟಿದ್ದು ಯಾವುದು?

ಹವ್ಯಾಸಿಗಳು ಒಂದೇ ದಿನ ತೆಗೆದ ಸೂರ್ಯನ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಮೈತುಂಬ ಕಾಳುಗಳು (ಒಳಗಿನಿಂದ ಕುದಿದು ಮೇಲೇಳುವ ಬಿಸಿ ಅನಿಲದ ಗುಳ್ಳೆಗಳು), ಇನ್ನೊಂದು ನುಣುಪು. ಒಂದರಲ್ಲಿ ಸೂರ್ಯನ ಕಪ್ಪು ಕಲೆಯ ಸುತ್ತ ಬೆಳ್ಳನೆ ಬಳೆ, ಇನ್ನೊಂದರಲ್ಲಿ ಅದರ ಸುಳಿವೇ ಇಲ್ಲ. ಯಾವುದು ನಿಜ ಅನ್ನೋ ವಾದ ಈಗ ಜೋರಾಗಿದೆ. ಆದರೆ ವಾದ ಹಳೆಯದು.

1610ರ ದಶಕದಲ್ಲಿ ಸೂರ್ಯನ ಕಲೆಗಳ ಬಗ್ಗೆಯೇ ಜಗಳವಿತ್ತು. ಅವು ಸೂರ್ಯನ ಮುಂದೆ ಹಾದುಹೋಗುವ ಪುಟ್ಟ ಗ್ರಹಗಳು ಎಂದರು ಜರ್ಮನಿಯ ಪಾದ್ರಿ-ಖಗೋಳಜ್ಞ ಶೈನರ್. ಅಂಚಿಗೆ ಹೋದಂತೆ ಕಲೆ ತೆಳ್ಳಗಾಗುತ್ತದೆ, ಹಾಗಾಗಿ ಅದು ಸೂರ್ಯನ ಮೈ ಮೇಲೇ ಇದೆ ಎಂದರು ಗೆಲಿಲಿಯೋ. ಮುಂದಿನ ಎರಡು ಶತಮಾನಕ್ಕೂ ಹೆಚ್ಚು ಕಾಲ ಎಲ್ಲವೂ ಕಣ್ಣು ಮತ್ತು ಪೆನ್ಸಿಲ್ಲಿನ ಮೇಲೇ ನಡೆಯಿತು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಖಗೋಳಜ್ಞ ಕ್ಯಾರಿಂಗ್ಟನ್ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಎರಡು ಕಡೆ ಬಿಳಿ ಬೆಳಕು ಫಳ್ಳನೆ ಹೊಳೆಯಿತು. ಬಿಸಿಲು ತಡೆಯುವ ಪರದೆಯಲ್ಲಿ ಎಲ್ಲೋ ತೂತಾಗಿ ಬಿಸಿಲು ನುಗ್ಗಿದೆ ಅಂತಲೇ ಅವರು ಮೊದಲು ಅಂದುಕೊಂಡದ್ದು. ಟೆಲಿಸ್ಕೋಪನ್ನು ತುಸು ಸರಿಸಿದರು. ಬೆಳಕು ಕಲೆಯ ಜೊತೆಗೇ ಸರಿಯಿತು, ಅಂದರೆ ಅದು ಸೂರ್ಯನ ಮೇಲೇ ಇತ್ತು. ಅದೇ ಹೊತ್ತಿಗೆ ಹಾಡ್ಜ್‌ಸನ್ ಎಂಬ ಇನ್ನೊಬ್ಬ ವೀಕ್ಷಕರು ಕೂಡ ಬೇರೆ ಕಡೆಯಿಂದ ಅದನ್ನೇ ನೋಡಿದ್ದರು. ಮರುವರ್ಷ, ಸೂರ್ಯಗ್ರಹಣದಲ್ಲಿ ಅಂಚಿನಲ್ಲಿ ಕಾಣುವ ಕೆಂಪು ನಾಲಿಗೆಗಳು ಬರೀ ಭ್ರಮೆಯೇ ಎಂಬ ಅನುಮಾನವೂ ಹಾಗೇ ತೀರಿತು. ಸ್ಪೇನಿನ ಎರಡು ಜಾಗಗಳಿಂದ ತೆಗೆದ ಫೋಟೋಗಳಲ್ಲಿ ಆಕಾರ ಒಂದೇ ಇತ್ತು.

ಕ್ಯಾಮೆರಾ ಬಂದ ಮೇಲೆ ತಂಟೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. 1870ರ ದಶಕದಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಸೂರ್ಯನ ಕಾಳುಗಳ ಅದ್ಭುತ ಫೋಟೋ ತೆಗೆದರು. ಅದರಲ್ಲಿ ಅಲ್ಲಲ್ಲಿ ಕಲಸಿದಂಥ ಪಟ್ಟೆಗಳಿದ್ದವು. ಅದನ್ನು ಸೂರ್ಯನದೇ ಒಂದು ಜಾಲ ಎಂದು ಅವರು ಬಗೆದರು. ಅದು ನಮ್ಮ ಗಾಳಿಯ ಅಲುಗಾಟ ಅಂತ ಆಮೇಲೆ ತಿಳಿಯಿತು.

ಈಗಿನ ಗೊಂದಲದ ಬೇರು 2000ದ ನಂತರದ್ದು. ವೆಬ್‌ಕ್ಯಾಮ್ ಬಂತು, ಹೈಡ್ರೋಜನ್-ಆಲ್ಫಾ (ಹೈಡ್ರೋಜನ್ ಸೂಸುವ ಒಂದೇ ಕೆಂಪು ಬಣ್ಣದಲ್ಲಿ ಸೂರ್ಯನನ್ನು ತೋರಿಸುವ) ಟೆಲಿಸ್ಕೋಪು ಹವ್ಯಾಸಿಗಳ ಕೈಗೆಟುಕಿತು. ಸಾವಿರಾರು ಫ್ರೇಮ್ ತೆಗೆದು, ಗಾಳಿ ಸುಮ್ಮನಿದ್ದ ಗಳಿಗೆಯವನ್ನಷ್ಟೇ ಆರಿಸಿ, ಒಂದರ ಮೇಲೊಂದು ಸ್ಟ್ಯಾಕ್ ಮಾಡಿ, ಕೊನೆಗೆ ಶಾರ್ಪ್ ಮಾಡುವುದು ರೂಢಿಯಾಯಿತು. ಇದು ಅಪ್ಪಟ ಒಳ್ಳೆಯ ವಿಧಾನ. ತೊಡಕಿರುವುದು ಕೊನೆಯ ಹಂತದಲ್ಲಿ.

ಸೂರ್ಯನ ಒಂದು ಕಾಳು ಸುಮಾರು 1000 ಕಿಲೋಮೀಟರ್ ಅಗಲ. ಭೂಮಿಯಿಂದ ನೋಡಿದರೆ ಅದು ಹೆಚ್ಚುಕಮ್ಮಿ 1.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). 60 ಮಿಲಿಮೀಟರ್ ಲೆನ್ಸು ಸುಮಾರು 2 ಆರ್ಕ್‌ಸೆಕೆಂಡಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು. ಆದರೂ ಸಾಫ್ಟ್‌ವೇರಿನ ಶಾರ್ಪ್ ಸ್ಲೈಡರ್ ಎಳೆಯುತ್ತಾ ಹೋದರೆ ಕಾಳು ಮೂಡುತ್ತವೆ! ಅವು ಸೂರ್ಯನವಲ್ಲ, ಕ್ಯಾಮೆರಾದ ಗದ್ದಲ (ನಾಯ್ಸ್) ಹಿಗ್ಗಿ ಕಾಳಿನ ವೇಷ ಹಾಕಿದ್ದು. ವಿಡಿಯೋದ ಸಮ ಫ್ರೇಮುಗಳನ್ನು ಒಂದು ಕಡೆ, ಬೆಸ ಫ್ರೇಮುಗಳನ್ನು ಇನ್ನೊಂದು ಕಡೆ ಸ್ಟ್ಯಾಕ್ ಮಾಡಿ ಹೋಲಿಸಿದರೆ ಈ ಸುಳ್ಳು ಕಾಳುಗಳು ಸಿಕ್ಕಿಬೀಳುತ್ತವೆ. ಆದರೆ ಎರಡರಲ್ಲೂ ಬಂದದ್ದೆಲ್ಲ ನಿಜ ಅಂತಲೂ ಅಲ್ಲ. ಸೆನ್ಸರ್ ಮೇಲಿನ ಧೂಳು ಎರಡರಲ್ಲೂ ಕಲೆಯಾಗಿಯೇ ಕೂರುತ್ತದೆ. ಕ್ಯಾಮೆರಾ ತಿರುಗಿಸಿ ನೋಡಬೇಕು: ಫ್ರೇಮಿನಲ್ಲಿ ಇದ್ದಲ್ಲೇ ಉಳಿದರೆ ಧೂಳು. ಕಲೆಯ ಸುತ್ತಲಿನ ಬಿಳಿ ಬಳೆಯೂ ಬಹಳ ಸಲ ಜಾಸ್ತಿ ಶಾರ್ಪ್ ಮಾಡಿದ್ದರ ಗುರುತು.

ಕಪ್ಪನ್ನು ಬಿಳಿಯಾಗಿ, ಬಿಳಿಯನ್ನು ಕಪ್ಪಾಗಿ ತಿರುಗಿಸಿದ ಚಿತ್ರಗಳದ್ದು ಇನ್ನೊಂದು ಕಥೆ. ಬೆಳಕು ಮೇಲಿನಿಂದ ಬೀಳುತ್ತದೆ ಅಂತ ನಮ್ಮ ಕಣ್ಣು ನಂಬಿರುವುದರಿಂದ ಉಬ್ಬು, ತಗ್ಗು, ನೆರಳು ಎಲ್ಲ ಕಾಣುತ್ತವೆ. ಸೂರ್ಯನೇ ಬೆಳಕು. ಅಲ್ಲಿ ನೆರಳೆಲ್ಲಿಂದ ಬರಬೇಕು?

ಈಚೆಗೆ ಎಐ ಸಾಫ್ಟ್‌ವೇರ್ ಸೇರಿಕೊಂಡಿದೆ. ಅದು ಬೇರೆ ಚಿತ್ರಗಳಿಂದ ಕಲಿತದ್ದನ್ನು ಇಲ್ಲಿ ತುಂಬಬಲ್ಲದು. ಅಂದ ಹೆಚ್ಚುತ್ತದೆ, ನಂಬಿಕೆ ಹೆಚ್ಚುವುದಿಲ್ಲ.

ತಾಳೆ ನೋಡಲು ದಾರಿಗಳಿವೆ. 2010ರಲ್ಲಿ ಹಾರಿದ, ಸೂರ್ಯನನ್ನೇ ನೋಡುವ ನಾಸಾದ ಎಸ್‌ಡಿಒ ಉಪಗ್ರಹದ ಚಿತ್ರಗಳು ಎಲ್ಲರಿಗೂ ಸಿಗುತ್ತವೆ. ಹೈಡ್ರೋಜನ್-ಆಲ್ಫಾಕ್ಕೆ, ಭೂಮಿಯ ಬೇರೆಬೇರೆ ಕಡೆಯಿಂದ ಸೂರ್ಯನನ್ನು ನೋಡುವ ಗಾಂಗ್ ಜಾಲದ ಆರು ಕೇಂದ್ರಗಳಿವೆ. ಆದರೆ ತೀರಾ ಸಣ್ಣ ಎಳೆಗಳು ಗಾಂಗ್ ಚಿತ್ರದಲ್ಲಿ ಸಿಗುವುದಿಲ್ಲ. ಅಂಥವಕ್ಕೆ ಉಳಿಯುವ ಸಾಕ್ಷಿ ಅದೇ ನಿಮಿಷ ಬೇರೆಡೆ ಇನ್ನೊಬ್ಬರು ತೆಗೆದ ಚಿತ್ರ. ಆ ಎಳೆಗಳು ನಿಮಿಷಗಳಲ್ಲೇ ರೂಪ ಬದಲಿಸುವುದರಿಂದ ಗಂಟೆ-ನಿಮಿಷ ಗೊತ್ತಿರಲೇಬೇಕು. ಎಷ್ಟೋ ಚಿತ್ರಗಳ ಕೆಳಗೆ ಈಗಲೂ ಬರೀ ತಾರೀಖು ಇರುತ್ತದೆ.