ಮೊದಲ ಬಾಸ್ ಎದುರೇ ಸೋತೆ, ಆಟ ಕೊಳ್ಳಲೋ ಬೇಡವೋ?

ಪ್ರಶ್ನೆ: ‘ದಿ ಫಸ್ಟ್ ಬರ್ಸರ್ಕರ್: ಖಜಾನ್’ ಅನ್ನುವ ವಿಡಿಯೊ ಗೇಮ್‌ನ ಡೆಮೊ, ಅಂದರೆ ಪುಕ್ಕಟೆ ಸಿಗುವ ಮೊದಲ ಭಾಗ, ಆಡಿದೆ. ನೋಡಲು ತುಂಬಾ ಚೆನ್ನಾಗಿದೆ. ಆದರೆ ಮೊದಲ ದೊಡ್ಡ ಬಾಸ್ (ಒಂದು ಭಾಗದ ಕೊನೆಗೆ ಬರುವ ಬಲಿಷ್ಠ ಶತ್ರು) ಎದುರು ಹತ್ತು ಸಲ ಸತ್ತೆ. ನನ್ನಂಥವನು ದುಡ್ಡು ಕೊಟ್ಟು ಪೂರ್ತಿ ಆಟ ಕೊಳ್ಳಬಹುದಾ?
– ಕಾಲೇಜು ವಿದ್ಯಾರ್ಥಿ, ಜಮಖಂಡಿ

ಉತ್ತರ: ಕೊಳ್ಳಬಹುದು. ಹತ್ತು ಸಲ ಸತ್ತಿದ್ದು ಈ ಆಟದಲ್ಲಿ ಏನೂ ಜಾಸ್ತಿ ಅಲ್ಲ. ಆದರೆ ದುಡ್ಡು ಕೊಡುವ ಮುಂಚೆ ಡೆಮೊ ಇನ್ನೊಮ್ಮೆ ಆಡಿ. ಗೆಲ್ಲುವ ಆಸೆ ಬಿಟ್ಟು, ಯಾಕೆ ಸಾಯುತ್ತಿದ್ದೇನೆ ಅನ್ನುವುದನ್ನಷ್ಟೇ ನೋಡುತ್ತಾ ಆಡಿ.

ಡೆಮೊ ಆಡದವರಿಗಾಗಿ ಎರಡು ಮಾತು. ಇದು ಕೊರಿಯಾದ ನಿಯೋಪಲ್ ಕಂಪನಿ ಮಾಡಿದ ಆಟ. ಡೆಮೊ ಬಂದಿದ್ದು 2025ರ ಜನವರಿಯಲ್ಲಿ, ಪೂರ್ತಿ ಆಟ ಅದೇ ವರ್ಷ ಮಾರ್ಚ್‌ನಲ್ಲಿ. ಖಜಾನ್ ಒಂದು ಸಾಮ್ರಾಜ್ಯದ ದೊಡ್ಡ ಸೇನಾಪತಿ. ರಾಜದ್ರೋಹದ ಸುಳ್ಳು ಆರೋಪ ಹೊರಿಸಿ, ಕೈಯ ನರ ಕತ್ತರಿಸಿ, ಹಿಮದ ಬೆಟ್ಟಕ್ಕೆ ಗಡೀಪಾರು ಮಾಡಿರುತ್ತಾರೆ. ಅಲ್ಲಿಂದ ಆಟ ಶುರು. ಡೆಮೊದಲ್ಲಿ ಹೈನ್‌ಮಾಕ್ ಮತ್ತು ಸ್ಟಾರ್ಮ್‌ಪಾಸ್ ಅನ್ನುವ ಎರಡು ಭಾಗಗಳಿವೆ. ಮೊದಲನೆಯದರ ಕೊನೆಗೆ ಯೆಟುಗಾ ಎಂಬ ದೈತ್ಯ ಮೃಗ, ಎರಡನೆಯದರ ಕೊನೆಗೆ ಬ್ಲೇಡ್ ಫ್ಯಾಂಟಮ್. ನಿಮ್ಮನ್ನು ಹತ್ತು ಸಲ ಕೊಂದದ್ದು ಯೆಟುಗಾ ಇರಬೇಕು. ನನ್ನನ್ನೂ ಅದೇ ಕೊಂದಿತ್ತು.

ನನ್ನ ಅಣ್ಣನ ಮಗ ಇಲ್ಲೇ ಬಾಗಲಕೋಟೆಯ ನವನಗರದಲ್ಲಿದ್ದಾನೆ. ಸತ್ತು ಸತ್ತು ಸಾಕಾಗಿ ಅವನು ಕಂಟ್ರೋಲರ್ ನನ್ನ ಕೈಗೆ ಕೊಟ್ಟ. ನಾನೂ ಸತ್ತೆ. ಅವನು ಪಕ್ಕದಲ್ಲಿ ಸುಮ್ನೆ ಕೂತು ನೋಡುತ್ತಿದ್ದ, ಬೆರಳು ಮಾತ್ರ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಹೋಳಿ ಬಂದರೆ ಹಲಗಿ ಹಿಡಿದು ಹೊರಡುವ ಹುಡುಗ ಅವನು. ಬಾಗಲಕೋಟೆಯ ಹೋಳಿ ಗೊತ್ತಲ್ವಾ, ಹಲಗಿ ಸದ್ದಿಗೆ ಓಣಿಗೆ ಓಣಿಯೇ ಎದ್ದು ಬರುತ್ತದೆ. ಸ್ವಲ್ಪ ಹೊತ್ತು ನೋಡಿ ಹೇಳಿದ:

“ಕಾಕಾ, ಅದು ಕೈ ಎತ್ತಿದ ಕೂಡಲೇ ನೀ ಬಟನ್ ಒತ್ತಾಕತ್ತಿ. ಪೆಟ್ಟ ಬೀಳೂ ಹೊತ್ತಿಗೆ ಒತ್ತಬೇಕು. ಹಲಗಿ ಹಂಗ ಐತಿ ನೋಡು ಇದು.”

ಇಡೀ ಆಟದ ಗುಟ್ಟು ಆ ಮಾತಿನಲ್ಲೇ ಇದೆ. ಖಜಾನ್‌ನಲ್ಲಿ ತಡೆಯುವ ಬಟನ್ ಹಿಡಿದೇ ನಿಂತರೆ ಪೆಟ್ಟು ತಡೆಯುತ್ತದೆ ನಿಜ, ಆದರೆ ನಿಮ್ಮ ಸ್ಟ್ಯಾಮಿನಾ, ಅಂದರೆ ದಮ್ಮು, ಕರಗುತ್ತಾ ಹೋಗುತ್ತದೆ. ಅದು ಖಾಲಿ ಆಯಿತೋ, ಖಜಾನ್ ಸುಸ್ತಾಗಿ ನಿಂತುಬಿಡುತ್ತಾನೆ. ಮುಂದಿನ ಪೆಟ್ಟಿಗೆ ಕಥೆ ಮುಗಿಯಿತು. ಪೆಟ್ಟು ಮೈಗೆ ತಾಗುವ ಆ ಕ್ಷಣಕ್ಕೇ ಸರಿಯಾಗಿ ಒತ್ತಿದರೆ ಮಾತ್ರ ಅದು ‘ಬ್ರಿಂಕ್ ಗಾರ್ಡ್’. ಆಗ ನಿಮ್ಮ ಸ್ಟ್ಯಾಮಿನಾ ಉಳಿಯುತ್ತದೆ, ಎದುರಿನವನದು ಇಳಿಯುತ್ತದೆ. ಅವನದು ಪೂರ್ತಿ ಖಾಲಿಯಾದರೆ ಸುಸ್ತಾಗುವ ಸರದಿ ಅವನದು, ಜೋರಾಗಿ ಹೊಡೆಯುವ ಸರದಿ ನಿಮ್ಮದು. ನಾವೆಲ್ಲ ಮೊದಲ ಸಲ ಆಡುವಾಗ ನೋಡುವುದು ಬಾಸ್‌ನ ಜೀವ ಎಷ್ಟು ಉಳಿದಿದೆ ಅಂತ ತೆರೆಯ ಮೇಲೆ ತೋರಿಸುವ ಪಟ್ಟಿಯನ್ನು. ನೋಡಬೇಕಾದ್ದು ಅದರ ಜೊತೆಗಿರುವ ಸ್ಟ್ಯಾಮಿನಾ ಪಟ್ಟಿಯನ್ನು. ಅಷ್ಟು ಗೊತ್ತಾದ ಮೇಲೆ ಯೆಟುಗಾ ಬೇರೆಯೇ ಪ್ರಾಣಿಯಾಗಿ ಕಾಣುತ್ತದೆ. ಅದು ಜಿಗಿಯುವ ಮುಂಚೆ ಮೈ ಮುದುಡುವುದು, ಎರಡು ಪೆಟ್ಟಿನ ನಡುವೆ ಬಿಡುವ ಚೂರು ಬಿಡುವು, ಎಲ್ಲವೂ ಕಣ್ಣಿಗೆ ಬೀಳತೊಡಗುತ್ತವೆ.

ಹಾಗಾಗಿ ನಿಮಗೆ ನನ್ನ ಪರೀಕ್ಷೆ ಒಂದೇ. ಇನ್ನು ಐದು ಸಲ ಹೋಗಿ. ಪ್ರತಿ ಸಲ ಸತ್ತಾಗ “ಈ ಪೆಟ್ಟಿಗೆ ಬೇಗ ಒತ್ತಿದೆ”, “ಇಲ್ಲಿ ದುರಾಸೆಗೆ ಬಿದ್ದು ಒಂದು ಏಟು ಜಾಸ್ತಿ ಹೊಡೆಯಲು ಹೋದೆ” ಅಂತ ಕಾರಣ ಹೇಳಲು ಬರುತ್ತಿದ್ದರೆ ಕೊಂಡುಕೊಳ್ಳಿ, ಸೋತರೂ ಸರಿ. ಕಾರಣವೇ ಹೊಳೆಯದೆ ಬರೀ ಸಿಟ್ಟು ಬರುತ್ತಿದ್ದರೆ ಸದ್ಯಕ್ಕೆ ಬಿಡಿ. ಮುಂದೆ ಬರುವ ಎಲ್ಲ ಬಾಸ್‌ಗಳೂ ಇದೇ ಪಾಠವನ್ನು ಇನ್ನಷ್ಟು ಗಟ್ಟಿಯಾಗಿ ಕೇಳುತ್ತವೆ. ಪೂರ್ತಿ ಆಟದಲ್ಲಿ ‘ಈಜಿ’ ಮಟ್ಟವೂ ಇದೆ, ಅದನ್ನು ಆರಿಸಿಕೊಂಡರೆ ನಾಚಿಕೆ ಪಡುವಂಥದ್ದು ಏನಿಲ್ಲ. ಬಾಸ್ ಎದುರು ಸೋತರೂ ನೀವು ಎಷ್ಟು ಹೊಡೆದಿದ್ದೀರೋ ಅದಕ್ಕೆ ತಕ್ಕಂತೆ ಲಾಕ್ರಿಮಾ ಸಿಗುತ್ತದೆ. ಅದರಿಂದ ಖಜಾನ್‌ನ ಬಲ ಹೆಚ್ಚಿಸಬಹುದು. ಈ ಒಂದು ವಿಷಯಕ್ಕೆ ಆಟ ಮಾಡಿದವರ ಮೇಲೆ ನನಗೆ ಪ್ರೀತಿ. ಸೋತವನ ಸಮಯಕ್ಕೂ ಬೆಲೆ ಕೊಟ್ಟಿದ್ದಾರೆ.

ಆಯುಧದ ವಿಷಯವನ್ನೂ ನೋಡಿ. ಜೋಡಿ ಆಯುಧ, ದೊಡ್ಡ ಕತ್ತಿ, ಈಟಿ, ಈ ಮೂರೇ ತರ ಇರುವುದು. ಒಂದಕ್ಕೆ ಕೈ ಹೊಂದದಿದ್ದರೆ ಇನ್ನೊಂದು ಹಿಡಿಯಿರಿ. ನನಗೆ ಈಟಿ ಕೂಡಿ ಬಂತು.

ಇನ್ನು ನೀವು ಲ್ಯಾಪ್‌ಟಾಪ್‌ನಲ್ಲಿ ಆಡುತ್ತಿದ್ದರೆ ಅದರ ವಿಷಯ. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪಿಸಿಯಲ್ಲಿ ಈ ಆಟಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್ ಬೇಕು. ನಮ್ಮ ಕಡೆ ಅದಕ್ಕಿಂತ ದೊಡ್ಡ ತೊಂದರೆ ಬಿಸಿಲು. ಜನವರಿಯ ರಾತ್ರಿ ಈ ಡೆಮೊ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ಓಡಿತ್ತು. ಏಪ್ರಿಲ್‌ನ ಮಧ್ಯಾಹ್ನ ಅದೇ ಜಾಗ ಆಡಿದರೆ ಇಪ್ಪತ್ತು ನಿಮಿಷಕ್ಕೆಲ್ಲ ಚಿತ್ರ ತಡವರಿಸತೊಡಗಿತು. ಒಳಗಿನ ಫ್ಯಾನ್ ಗಿರಣಿಯ ಹಾಗೆ ಕೂಗುತ್ತಿತ್ತು, ಕೀಬೋರ್ಡ್ ಮುಟ್ಟಿದರೆ ಸುಡುತ್ತಿತ್ತು. ಬಿಸಿ ಜಾಸ್ತಿಯಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಬೇರೆ ಆಟವಾದರೆ ಹೇಗೋ ಸಹಿಸಬಹುದು. ಕ್ಷಣ ನೋಡಿ ಬಟನ್ ಒತ್ತಬೇಕಾದ ಆಟದಲ್ಲಿ ಚಿತ್ರ ಒಂದು ಚೂರು ತಡವಾದರೂ ಸಾವೇ. ಲ್ಯಾಪ್‌ಟಾಪ್‌ನ ಹಿಂದಿನ ಅಂಚಿಗೆ ಎರಡು ನೋಟ್‌ಬುಕ್ ಕೊಟ್ಟು ಎತ್ತರಿಸಿ, ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿದ ಮೇಲೆ ಪರವಾಗಿಲ್ಲ ಅನ್ನಿಸಿತು. ನೀವೂ ಡೆಮೊವನ್ನು ಮಧ್ಯಾಹ್ನ ಎರಡು ಗಂಟೆಗೆ, ಒಂದು ತಾಸು ಬಿಡದೆ ಆಡಿ ನೋಡಿ. ಹತ್ತು ಸಾವಿನಲ್ಲಿ ನಾಲ್ಕು ಲ್ಯಾಪ್‌ಟಾಪ್‌ನದೇ ಇರಬಹುದು.

“ಕೊಂಡು ನೋಡಿ, ಸೇರದಿದ್ದರೆ ವಾಪಸ್ ಮಾಡಿದರಾಯಿತು” ಅಂತ ಗೆಳೆಯರು ಹೇಳಬಹುದು. ಪಿಸಿ ಆಟಗಳನ್ನು ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ಇಂಥ ಆಟದಲ್ಲಿ ಆ ಎರಡು ಗಂಟೆ ಯೆಟುಗಾ ಮುಂದೆಯೇ ಕಳೆದುಹೋಗುತ್ತದೆ. ಡೆಮೊಗೆ ಆ ಗಡಿಯಾರ ಇಲ್ಲ. ಅದೂ ಅಲ್ಲದೆ ಡೆಮೊದಲ್ಲಿ ಆಡಿದ್ದನ್ನು ಪೂರ್ತಿ ಆಟದಲ್ಲಿ ಅಲ್ಲಿಂದಲೇ ಮುಂದುವರಿಸಬಹುದು, ಹಾಗಾಗಿ ಪಟ್ಟ ಶ್ರಮ ಹಾಳಾಗುವುದಿಲ್ಲ.

ಡೆಮೊ ಹೇಳದ ವಿಷಯವೂ ಒಂದಿದೆ. ಪೂರ್ತಿ ಆಟದಲ್ಲಿ ಮುಖ್ಯ ಕಥೆಯ ಹೊರಗಿನ ಬಿಡಿ ಮಿಷನ್‌ಗಳಲ್ಲಿ ಆಗಲೇ ಕಂಡ ಜಾಗಗಳಿಗೇ ಮತ್ತೆ ಕಳಿಸುತ್ತಾರೆ. ಊರೂರು ಸುತ್ತುವ ದೊಡ್ಡ ತೆರೆದ ಲೋಕ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ನನಗೆ ಬಾಸ್‌ಗಳ ಕಾಳಗವೇ ಮುಖ್ಯವಾಗಿತ್ತು, ಹಾಗಾಗಿ ನಡೆಯಿತು.

ನನ್ನ ಅಣ್ಣನ ಮಗ ಹದಿಮೂರನೇ ಸಲಕ್ಕೆ ಯೆಟುಗಾನನ್ನು ಕೆಡವಿದ. ಆಗ ಟಿವಿಯ ಸದ್ದು ಪೂರ್ತಿ ಏರಿಸಿಕೊಂಡಿದ್ದ, ಪೆಟ್ಟಿನ ಲಯ ಕಿವಿಗೆ ಸಿಗಲಿ ಅಂತ. ನೀವೂ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಹೋಗಿ ಬನ್ನಿ.