ಊರ ಹೆಸರಲ್ಲೇ ಹೊಳೆ ಇದೆ, ಮರಳು ಮಾತ್ರ ಇಲ್ಲ

ಮನೆ ಕಟ್ಟಿಸೋಕೆ ಬರುವವರು ನನ್ನ ಹತ್ತಿರ ಮೊದಲು ಕೇಳುವುದು ಚದರಕ್ಕೆ ಎಷ್ಟು ಅಂತ. ಆಮೇಲಿನ ಪ್ರಶ್ನೆ, "ಹೊಳೆ ಮರಳೇ ಹಾಕ್ತೀರಿ ತಾನೆ?"

ಹೋದ ತಿಂಗಳು ಬಂದಿದ್ದ ರಿಟೈರ್ಡ್ ಮೇಷ್ಟ್ರೊಬ್ಬರದೂ ಅದೇ ಮಾತು. "ಎಂ-ಸ್ಯಾಂಡ್ ಬೇಡಪ್ಪ, ಅದು ಬರೀ ಕಲ್ಲುಪುಡಿ. ನಮ್ಮಪ್ಪ ಕಟ್ಟಿಸಿದ ಮನೆ ನೋಡು, ಒಂದು ಬಿರುಕಿಲ್ಲ. ನಮ್ಮ ಕಡೆಯ ಹುಡುಗನೊಬ್ಬ ರಾತ್ರಿ ಹೊತ್ತು ಹೊಳೆ ಮರಳು ತಂದು ಹಾಕ್ತಾನಂತೆ." ಎಂ-ಸ್ಯಾಂಡ್ ಅಂದರೆ ಕಲ್ಲು ಒಡೆದು ಮೆಷಿನ್‌ನಲ್ಲಿ ಮಾಡಿದ ಮರಳು. ನಾನು ವಾದ ಮಾಡಲಿಲ್ಲ. "ಮೇಷ್ಟ್ರೇ, ಲೋಡ್ ಹೇಳೋಕೆ ಮುಂಚೆ ಒಂದು ಚೀಲ ತರಿಸಿ, ನೋಡೋಣ" ಅಂದೆ.

ನಮ್ಮೂರು ಹೊಳೆನರಸೀಪುರ. ಹೇಮಾವತಿ ಊರಿನ ಮಗ್ಗುಲಲ್ಲೇ ಹರಿಯುತ್ತದೆ. ಇಂಥ ಊರಿನಲ್ಲಿ ಮರಳನ್ನು ರಾತ್ರಿ ಕದ್ದು ತರಬೇಕಾದ ಕಾಲ ಹೇಗೆ ಬಂತು ಅನ್ನುವುದು ದೊಡ್ಡ ಕಥೆ.

ನಮ್ಮಪ್ಪನೂ ಗಾರೆ ಕೆಲಸದವರೇ. ಅವರ ಕಾಲದಲ್ಲಿ ಮರಳಿಗೆ ಅಂತ ಬೆಲೆ ಇರಲಿಲ್ಲ, ಗಾಡಿಯವನ ಕೂಲಿ ಕೊಟ್ಟರೆ ಮುಗಿಯಿತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಎತ್ತಿನ ಗಾಡಿ ಇಳಿಸಿ ತುಂಬುತ್ತಿದ್ದರು. ಮನೆ ಮುಂದೆ ಮರಳು ಬಿದ್ದರೆ ಬೀದಿಯ ಮಕ್ಕಳೆಲ್ಲ ಅದರ ಮೇಲೇ. ಜರಡಿ ಹಿಡಿದಾಗ ಸಿಗುವ ಕಪ್ಪೆಚಿಪ್ಪನ್ನು ನಾನು ಚಡ್ಡಿ ಜೇಬಿಗೆ ತುಂಬಿಕೊಳ್ಳುತ್ತಿದ್ದೆ. ಕಾಗದದ ಮೇಲೆ ಮಾತ್ರ ಆಗಲೂ ಮರಳಿಗೆ ಕಾನೂನಿತ್ತು. 1957ರ ಗಣಿ ಕಾಯ್ದೆಯಲ್ಲಿ ಅದು ಉಪಖನಿಜ. ಅದಕ್ಕೆ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ಈಗ ಕರ್ನಾಟಕದಲ್ಲಿ ನಡೆಯುತ್ತಿರುವುದು 1994ರ ನಿಯಮ, ಅದಕ್ಕೆ ಆಗಾಗ ತಿದ್ದುಪಡಿ. ಆದರೆ ಚಿನ್ನ, ಕಬ್ಬಿಣದ ಅದಿರಿನ ಹಾಗೆ ಮರಳೂ ಒಂದು ಖನಿಜ ಅಂತ ನಮ್ಮೂರಲ್ಲಿ ಯಾರಿಗೆ ತಾನೆ ಅನ್ನಿಸಿತ್ತು?

ಎಲ್ಲ ಕೆಡಿಸಿದ್ದು ಟ್ರಾಕ್ಟರ್, ಜೆಸಿಬಿ ಅಂತ ಜನ ಹೇಳುತ್ತಾರೆ. ಅದು ಅರ್ಧ ನಿಜ. ಇನ್ನರ್ಧ ನಮ್ಮೂರಿಗಿಂತ ಮೇಲೆ, ಗೊರೂರಿನಲ್ಲಿದೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ. ಮಲೆನಾಡಿನ ಮಳೆ ನೀರು ಪ್ರತಿ ವರ್ಷ ಹೊಸ ಮರಳು ತಂದು ಹಾಕುತ್ತಿತ್ತು. 1979ರಲ್ಲಿ ಗೊರೂರು ಅಣೆಕಟ್ಟೆ ಮುಗಿಯಿತು. ಆಮೇಲೆ ನಮಗೆ ನೀರು ಬರುತ್ತದೆ, ಮರಳು ಬಹುಪಾಲು ಕಟ್ಟೆಯ ಹಿಂದೆಯೇ ಕೂರುತ್ತದೆ. ಅಂದರೆ ಕೆಳಗಿನ ನಾವು ತೆಗೆದಿದ್ದು ಹೆಚ್ಚಾಗಿ ಹಳೇ ದಾಸ್ತಾನು. ಅಣೆಕಟ್ಟೆ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ, ನಮ್ಮ ಗದ್ದೆಗಳು ನಿಂತಿರುವುದೇ ಅದರ ನಾಲೆಯ ಮೇಲೆ. ಆದರೆ ಹಣ ಹಾಕದ ಖಾತೆಯಿಂದ ತೆಗೆಯುತ್ತಲೇ ಇದ್ದರೆ ಏನಾಗುತ್ತದೋ ಅದೇ ಆಯಿತು. ಅದೇ ಹೊತ್ತಿಗೆ ಬೆಂಗಳೂರು ಬೆಳೆಯತೊಡಗಿತು. ಗಾಡಿ ಹೋಗಿ ಟ್ರಾಕ್ಟರ್ ಬಂತು, ಟ್ರಾಕ್ಟರ್ ಹೋಗಿ ಲಾರಿ. ಮರಳು ತೆಗೆದು ಹೊಳೆಯ ಪಾತ್ರ ಆಳವಾದರೆ ದಡದ ಬಾವಿಗಳ ನೀರೂ ಕೆಳಗೆ ಹೋಗುತ್ತದೆ. ಅಲ್ಲಿಗೆ ರೈತರೂ ಗಲಾಟೆ ಶುರು ಮಾಡಿದರು.

2011ರಲ್ಲಿ ರಾಜ್ಯ ಸರ್ಕಾರ ಹೊಸ ಮರಳು ನೀತಿ ತಂದು ಮರಳನ್ನು ಲೋಕೋಪಯೋಗಿ ಇಲಾಖೆಯ ಕೈಗೆ ಕೊಟ್ಟಿತು. ಮೇಲೆ ಜಿಲ್ಲಾಧಿಕಾರಿಗಳ ಸಮಿತಿ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 5 ಹೆಕ್ಟೇರ್‌ಗಿಂತ ಚಿಕ್ಕ ಜಾಗದಲ್ಲಿ ಮರಳು ತೆಗೆಯೋಕೂ ಪರಿಸರ ಅನುಮತಿ ಬೇಕು ಅಂದಿತು. 2013ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ, ಅನುಮತಿ ಇಲ್ಲದೆ ದೇಶದಲ್ಲಿ ಎಲ್ಲೂ ಮರಳು ತೆಗೆಯಬೇಡಿ ಎಂದು ಆದೇಶ ಮಾಡಿತು. ಆದೇಶದಲ್ಲಿ ತಪ್ಪೇನಿಲ್ಲ. ಆದರೆ ಹೊಳೆಗೆ ಬೀಗ ಹಾಕಿದವರು ಬದಲಿಗೆ ಏನು ಬಳಸಬೇಕು ಅನ್ನುವುದಕ್ಕೆ ತಯಾರಿ ಮಾಡಿರಲಿಲ್ಲ.

ಚಿಕ್ಕ ಊರಿನಲ್ಲಿ ಮರಳು ನಿಂತರೆ ಏನೇನು ನಿಲ್ಲುತ್ತದೆ ಗೊತ್ತಾ? ನನ್ನ ಹತ್ತಿರ ಆಗ ಮೂರು ಮನೆ ನಡೀತಾ ಇದ್ದವು. ಒಂದು ತಾರಸಿ ಮಟ್ಟದಲ್ಲಿ, ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಿ ಆಗಿತ್ತು. ಮೋಲ್ಡ್ ಹಾಕೋಕೆ ಮರಳಿಲ್ಲ. ಸೆಂಟ್ರಿಂಗ್ ಶೀಟಿಗೆ ದಿನದ ಬಾಡಿಗೆ ಓಡುತ್ತಿದೆ, ಕಂಬಿ ತುಕ್ಕು ಹಿಡಿಯುತ್ತಿದೆ. ವಾರದ ಬಟವಾಡೆ ಇಲ್ಲದಿದ್ದರೆ ಗಾರೆಯವರು ಸಂತೆ ಮಾಡಲ್ಲ. ಸಿಮೆಂಟ್ ಅಂಗಡಿಯವರು ಹಳೇ ಬಾಕಿ ಕೇಳೋಕೆ ಶುರು ಮಾಡುತ್ತಾರೆ. ಟ್ರಾಕ್ಟರ್ ಇಟ್ಟುಕೊಂಡವನು ಸಾಲದ ಕಂತು ಕಟ್ಟಲ್ಲ. ಪುರಸಭೆಯ ಚರಂಡಿ ಕೆಲಸ ಕೂಡ ಅರ್ಧಕ್ಕೆ ನಿಂತು, ಜನ ಹಲಗೆ ಹಾಕಿಕೊಂಡು ಮನೆಯೊಳಗೆ ಹೋಗುವ ಹಾಗಾಯಿತು.

ಆ ಸಂದಿಯಲ್ಲಿ ನುಗ್ಗಿ ಬಂದಿದ್ದು ಫಿಲ್ಟರ್ ಮರಳು. ಕೆರೆ ಅಂಗಳದ್ದೋ, ಗೋಮಾಳದ್ದೋ, ಹೊಲದ್ದೋ ಮಣ್ಣು ತೋಡಿ, ನೀರು ಹಾಯಿಸಿ ತೊಳೆದರೆ ತಳದಲ್ಲಿ ಮರಳಿನಂಥದ್ದು ಉಳಿಯುತ್ತದೆ. ನೋಡೋಕೆ ಹೊಳೆ ಮರಳಿನ ಹಾಗೇ ಇರುತ್ತದೆ. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದಲ್ಲಿ ಇದು ದೊಡ್ಡ ದಂಧೆಯೇ ಆಯಿತು. ಸರ್ಕಾರ ನಿಷೇಧ ಮಾಡಿದರೂ ನಿಲ್ಲಲಿಲ್ಲ. ನಾನೂ ಒಂದು ಸಲ ಮೋಸ ಹೋದೆ. ಎರಡು ಲೋಡ್ ತರಿಸಿ ಒಂದು ಮನೆಯ ಒಳಗೋಡೆಗೆ ಪ್ಲಾಸ್ಟರಿಂಗ್ ಮಾಡಿಸಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಸವರಿದರೆ ಅಂಗೈಗೆ ಪುಡಿ ಬರುತ್ತಿತ್ತು. ಕಾಳಿನ ಸುತ್ತ ಜೇಡಿ ಅಂಟಿಕೊಂಡಿದ್ದರೆ ಸಿಮೆಂಟ್ ಹಿಡಿಯುವುದಿಲ್ಲ. ಕೈಯಿಂದ ದುಡ್ಡು ಹಾಕಿ ಪೂರ್ತಿ ಕೆತ್ತಿಸಿ ಮತ್ತೆ ಬಳಿಸಿದೆ. ಆ ಮನೆಯವರು ಈಗಲೂ ಎದುರು ಸಿಕ್ಕಿದರೆ ಸರಿಯಾಗಿ ಮಾತಾಡಲ್ಲ.

ಈ ಮಧ್ಯೆ ತಮಾಷೆಯ ಪ್ರಯೋಗಗಳೂ ನಡೆದವು. 2018ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್ ಮಲೇಷ್ಯಾದಿಂದ ಹಡಗಿನಲ್ಲಿ ಮರಳು ತರಿಸಿ, 50 ಕೆಜಿ ಚೀಲದಲ್ಲಿ ಮಾರಿತು. ನೋಟ್‌ಬುಕ್, ಚಿಟ್ ಫಂಡ್ ಜೊತೆಗೆ ಮರಳು! 2020ರ ನೀತಿಯಲ್ಲಿ ಹಳ್ಳ, ತೊರೆಗಳ ಮರಳು ಗ್ರಾಮ ಪಂಚಾಯಿತಿಗೆ ಹೋಯಿತು, ದೊಡ್ಡ ನದಿಗಳದ್ದು ಹಟ್ಟಿ ಚಿನ್ನದ ಗಣಿ ಕಂಪನಿಗೆ ಮತ್ತು ರಾಜ್ಯದ ಖನಿಜ ನಿಗಮಕ್ಕೆ. ಚಿನ್ನ ತೆಗೆಯುವವರಿಗೇ ಮರಳನ್ನೂ ಕೊಟ್ಟರಲ್ಲ, ಅದರ ಬೆಲೆ ಎಲ್ಲಿಗೆ ಮುಟ್ಟಿತ್ತು ಅಂತ ಬೇರೆ ಹೇಳಬೇಕಾ ಅಂತ ನಮ್ಮ ಮೇಸ್ತ್ರಿಗಳು ನಗಾಡಿದ್ದರು.

ಕೊನೆಗೆ ಉಳಿದಿದ್ದು ಎಂ-ಸ್ಯಾಂಡ್. ಇದನ್ನು ಮೊನ್ನೆ ಮೊನ್ನೆ ಬಂದ ಮಾಲು ಅಂತ ಜನ ತಿಳಿದಿದ್ದಾರೆ. ಕಲ್ಲು ಒಡೆದು ಮಾಡಿದ ಮರಳಿಗೆ ಐಎಸ್ 383 ಅನ್ನುವ ಭಾರತೀಯ ಮಾನದಂಡದಲ್ಲಿ 1970ರಲ್ಲೇ ಜಾಗ ಇತ್ತು. 150 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಪುಡಿ ಹೊಳೆ ಮರಳಲ್ಲಿ ನೂರಕ್ಕೆ 10 ಇರಬಹುದಾದರೆ, ಕಲ್ಲಿನ ಮರಳಲ್ಲಿ 20ರ ತನಕ ನಡೆಯುತ್ತದೆ. ಹೆಸರು ಕೆಟ್ಟಿದ್ದು ಬೇರೆ ಕಾರಣಕ್ಕೆ. ಶುರುವಿನಲ್ಲಿ ಜಲ್ಲಿ ಒಡೆಯುವಾಗ ಉಳಿಯುವ ಕ್ರಷರ್ ಡಸ್ಟನ್ನೇ ಎಂ-ಸ್ಯಾಂಡ್ ಅಂತ ಮಾರಿದರು. ಡಸ್ಟಿನ ಕಾಳು ಚಪ್ಪಟೆ, ಪುಡಿ ಜಾಸ್ತಿ. ನಿಜವಾದ ಎಂ-ಸ್ಯಾಂಡಿಗೆ ಕಾಳನ್ನು ದುಂಡು ಮಾಡುವ ಬೇರೆ ಮೆಷಿನ್ ಇದೆ, ತೊಳೆಯುವ ವ್ಯವಸ್ಥೆ ಇದೆ.

ತಪ್ಪು ನಮ್ಮದೂ ಇತ್ತು. ಎಂ-ಸ್ಯಾಂಡ್ ಹಾಕಿ ಕಲಸಿದ ಗಾರೆ ಕರಣೆಗೆ ಒರಟು, ಎಳೆದರೆ ಹಿಡಿದುಕೊಳ್ಳುತ್ತದೆ. ಗಾರೆಯವರು ಸುಲಭ ಆಗಲಿ ಅಂತ ಇನ್ನೊಂದು ಕೊಡ ನೀರು ಸುರಿಯುತ್ತಿದ್ದರು. ನೀರು ಜಾಸ್ತಿಯಾಗಿ, ಮೇಲೆ ಕ್ಯೂರಿಂಗ್, ಅಂದರೆ ಬಳಿದ ಮೇಲೆ ಒಣಗದ ಹಾಗೆ ನೀರು ಹೊಡೆಯುವುದು, ಸರಿಯಾಗಿ ಮಾಡದೆ ಗೋಡೆ ಬಿರುಕು ಬಿಟ್ಟರೆ ಬೈಗುಳ ಮಾತ್ರ ಮರಳಿಗೆ. ಪ್ಲಾಸ್ಟರಿಂಗಿಗೆ ಸಣ್ಣ ಕಾಳಿನ ಪಿ-ಸ್ಯಾಂಡ್ ಬೇರೆ ಇದೆ ಅಂತ ಕಲಿಯೋಕೆ ನಮಗೇ ಕೆಲವು ವರ್ಷ ಬೇಕಾಯಿತು.

ಅಳತೆಯ ಆಟ ಇನ್ನೊಂದು. ಹೊಳೆ ಮರಳು ಲೋಡ್ ಲೆಕ್ಕ. ಸ್ವಲ್ಪ ಹಸಿ ಇದ್ದರೆ ಮರಳು ಉಬ್ಬುತ್ತದೆ, ನೂರಕ್ಕೆ ಇಪ್ಪತ್ತು-ಮೂವತ್ತು ಜಾಸ್ತಿ ಜಾಗ ಹಿಡಿಯುತ್ತದೆ. ಲೋಡ್ ತುಂಬಿದ ಹಾಗೆ ಕಾಣುತ್ತದೆ, ಮರಳು ಕಡಿಮೆ. ಎಂ-ಸ್ಯಾಂಡ್ ಬಂದ ಮೇಲೆ ವೇಬ್ರಿಡ್ಜ್‌ನಲ್ಲಿ ಟನ್ ಲೆಕ್ಕ. ಈಗ ಹಸಿ ಮರಳು ತಂದರೆ ನೀರಿಗೂ ದುಡ್ಡು ಕೊಡಬೇಕು. ಲೆಕ್ಕ ಯಾವುದಾದರೂ ನೀರು ಮಾತ್ರ ಮಾರುವವನ ಕಡೆಗೇ ಇರುತ್ತದೆ, ಅಲ್ವಾ?

ಎಂ-ಸ್ಯಾಂಡ್ ಬಂದು ಹೊಳೆ ಉಳಿಯಿತು ಅಂತಲೂ ನಿರಾಳವಾಗಿ ಹೇಳೋಕಾಗಲ್ಲ. ಹೊಳೆಯ ಬದಲು ಈಗ ಗುಡ್ಡ ಕರಗುತ್ತಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ಸಿಡಿದಾಗ ಪಕ್ಕದ ಜಿಲ್ಲೆಗಳ ಜನ ಭೂಕಂಪ ಅಂತ ಮನೆಯಿಂದ ಹೊರಗೆ ಓಡಿ ಬಂದಿದ್ದರು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಅಂಥದೇ ಸ್ಫೋಟಕ ಸಿಡಿದು ಆರು ಜನ ಸತ್ತರು.

ಮೇಷ್ಟ್ರು ಹೇಳಿದ ಹುಡುಗ ಒಂದು ಚೀಲ ಮರಳು ತಂದಿಟ್ಟ. ಬಣ್ಣ ಚೆನ್ನಾಗಿತ್ತು. ಮೇಷ್ಟ್ರ ಮುಖ ಅರಳಿತು. ನಾನು ಗಾಜಿನ ಬಾಟಲಿಗೆ ಅರ್ಧ ಮರಳು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಕಟ್ಟೆಯ ಮೇಲೆ ಇಟ್ಟೆ. ಕಾಫಿ ಕುಡಿದು, ಸೈಟ್ ಅಳೆದು, ಮೂರು ಗಂಟೆ ಬಿಟ್ಟು ಬಂದು ನೋಡಿದೆವು. ಮರಳಿನ ಮೇಲೆ ಹೆಬ್ಬೆರಳು ದಪ್ಪ ಕೆಂಪು ಕೆಸರು ಕೂತಿತ್ತು. ನೂರಕ್ಕೆ ಎಂಟು ದಾಟಬಾರದು ಅನ್ನುವುದು ನಾವು ಇಟ್ಟುಕೊಂಡಿರುವ ಲೆಕ್ಕ. ಇದು ಇಪ್ಪತ್ತರ ಮೇಲೆ ಇತ್ತು.

ಮೇಷ್ಟ್ರು ಬಾಟಲಿ ಎತ್ತಿ ಬಿಸಿಲಿಗೆ ಹಿಡಿದು ಸುಮ್ನೆ ನೋಡಿದರು. "ಇದು ಯಾವ ಕೆರೆದಪ್ಪಾ?" ಅಂತ ಕೇಳಿದರು. ಹುಡುಗ ಅಷ್ಟರಲ್ಲಿ ಬೈಕ್ ಸ್ಟಾರ್ಟ್ ಮಾಡಿದ್ದ.