ಲಾಗ್ ಫೋಲ್ಡರ್ ಶೇರ್ ಮಾಡುವ ಮುನ್ನ

'ಲಾಗ್ ಫೋಲ್ಡರ್ ಶೇರ್ ಮಾಡಿಕೊಡಿ, ನಾವು ಇಲ್ಲಿಂದಲೇ ನೋಡಿಕೊಳ್ಳುತ್ತೇವೆ.' ಸರ್ವರ್ ತನ್ನಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ದಿನಚರಿಯೇ ಲಾಗ್. ಸರ್ವರ್ ಮೇಲೆ ದೂರದಿಂದ ನಿಗಾ ಇಡುವ ತಂಡಗಳು ನನ್ನಲ್ಲಿ ಮೊದಲು ಕೇಳುವುದು ಹೆಚ್ಚಾಗಿ ಇದನ್ನೇ. ಎನ್‌ಎಫ್‌ಎಸ್, ಸಾಂಬಾದಂಥ ಫೈಲ್ ಹಂಚುವ ವ್ಯವಸ್ಥೆಗಳಲ್ಲಿ ಫೋಲ್ಡರ್ ಹಂಚುವುದು ದೊಡ್ಡ ಕೆಲಸವೇನಲ್ಲ. ಆದರೂ ನಾನು ಒಪ್ಪುವುದಿಲ್ಲ. ಲಾಗ್ ಬೇಕಾಗುವುದೇ ಸರ್ವರ್ ಕೈಕೊಟ್ಟಾಗ. ಆ ಹೊತ್ತಿಗೆ ಹಂಚಿದ ಫೋಲ್ಡರೂ ಅದರ ಜೊತೆಗೇ ಮಲಗಿರುತ್ತದೆ. ಕಳ್ಳದಾರಿಯಲ್ಲಿ ಒಳಹೊಕ್ಕವನೂ ತನ್ನ ಜಾಡು ಅಳಿಸಲು ಕೈಹಾಕುವುದು ಅಲ್ಲಿಗೇ.

ಹಾಗಾಗಿ ಲಾಗ್‌ನ ಸಾಲು ಹುಟ್ಟಿದ ಕೂಡಲೇ ಬೇರೆ ಯಂತ್ರಕ್ಕೆ ಹೊರಟುಬಿಡಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಲಾಗ್ ಸಂಗ್ರಹಿಸಿ ಕಳಿಸುವ ಆರ್‌ಸಿಸ್‌ಲಾಗ್ ಎಂಬ ಪ್ರೋಗ್ರಾಂ ಸಾಕು. ಕಳಿಸುವ ಯಂತ್ರದ ಸೆಟ್ಟಿಂಗ್‌ನಲ್ಲಿ ಲಾಗ್ ಸರ್ವರಿನ ವಿಳಾಸದ ಮುಂಚೆ ಒಂದು ಅಟ್ ಚಿಹ್ನೆ (@) ಇದ್ದರೆ ಯುಡಿಪಿ, ಎರಡಿದ್ದರೆ ಟಿಸಿಪಿ; ಎರಡೂ ನೆಟ್‌ವರ್ಕಿನಲ್ಲಿ ಡೇಟಾ ಸಾಗಿಸುವ ವಿಧಾನಗಳು. ಯುಡಿಪಿಯಲ್ಲಿ ದಾರಿಯಲ್ಲಿ ಬಿದ್ದುಹೋದ ಸಾಲಿಗೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ; ನೆಟ್‌ವರ್ಕ್ ಏದುಸಿರು ಬಿಡುವಾಗ, ಅಂದರೆ ನಮಗೆ ಲಾಗ್ ಬಹಳ ಬೇಕಾದಾಗಲೇ, ಸಾಲುಗಳು ಕಾಣೆಯಾಗುತ್ತವೆ. ಟಿಸಿಪಿಯನ್ನೇ ಆರಿಸಿ, ಜೊತೆಗೆ ಡಿಸ್ಕ್ ಕ್ಯೂ ಕೊಡಿ, ಅಂದರೆ ಕಳಿಸಲಾಗದ ಸಾಲುಗಳು ಡಿಸ್ಕಿನಲ್ಲಿ ಸರದಿ ಕಾಯುವ ಜಾಗ. ಮರುಯತ್ನದ ಸಂಖ್ಯೆ -1 ಇರಲಿ, ಆಗ ಆರ್‌ಸಿಸ್‌ಲಾಗ್ ಬೇಸತ್ತು ಕೈಬಿಡುವುದಿಲ್ಲ. ಇಂಟರ್ನೆಟ್ ಮೇಲೆ ಹಾಯುವುದಾದರೆ 514ನೇ ಪೋರ್ಟ್ ಬೇಡ, ಅಲ್ಲಿ ಎಲ್ಲವೂ ಬಯಲು. ಸಾಲುಗಳನ್ನು ಗೂಢಲಿಪಿಗೆ ತಿರುಗಿಸುವ ಟಿಎಲ್‌ಎಸ್ ಜೊತೆ 6514 ಬಳಸಿ. ಅಪ್ಲಿಕೇಶನ್‌ಗಳು ಪಾಸ್‌ವರ್ಡನ್ನೂ ಲಾಗ್‌ಗೆ ಬರೆದಿಟ್ಟಿದ್ದನ್ನು ನಾನು ಸಾಕಷ್ಟು ಸಲ ಕಂಡಿದ್ದೇನೆ.

ನೋಡುವವರಿಗೆ ಲಾಗ್ ಸರ್ವರಿನಲ್ಲಷ್ಟೇ ಖಾತೆ, ದೂರದಿಂದ ಒಳಬರಲು ಎಸ್‌ಎಸ್‌ಎಚ್ ಕೀ, ಓದುವ ಹಕ್ಕು ಮಾತ್ರ. ಸುಡೋ, ಅಂದರೆ ನಿರ್ವಾಹಕನ ಅಧಿಕಾರ, ಕೇಳುತ್ತಾರೆ; ಕೊಡಬೇಡಿ.

ಓದುವುದರಲ್ಲೂ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಒಮ್ಮೆ ರಾತ್ರಿಯಿಡೀ, ಫೈಲಿನ ಕೊನೆಗೆ ಸೇರುವ ಹೊಸ ಸಾಲುಗಳನ್ನು ತೋರಿಸುವ ಟೇಲ್ ಆಜ್ಞೆ ಹಾಕಿಕೊಂಡು ಕೂತಿದ್ದೆ. ನಡುರಾತ್ರಿ ದಾಟಿದ ಮೇಲೆ ಪರದೆ ತಣ್ಣಗಾಯಿತು. ಅಬ್ಬಾ, ತೊಂದರೆ ನಿಂತಿತು ಅಂದುಕೊಂಡೆ. ನಿಂತಿರಲಿಲ್ಲ. ಲಾಗ್ ಫೈಲುಗಳನ್ನು ಆಗಾಗ ಬದಲಿಸುವ ಲಾಗ್‌ರೊಟೇಟ್ ಹಳೆಯ ಫೈಲಿಗೆ ಬೇರೆ ಹೆಸರಿಟ್ಟು ಹೊಸದನ್ನು ತೆರೆದಿತ್ತು. ನಾನು ಟೇಲ್‌ಗೆ ಕೊಟ್ಟ ಸಣ್ಣ ಎಫ್ (-f) ಹಳೆಯ ಫೈಲನ್ನೇ ಹಿಡಿದುಕೊಂಡಿತ್ತು. ದೊಡ್ಡ ಎಫ್ (-F) ಕೊಟ್ಟರೆ ಟೇಲ್ ಹೆಸರನ್ನು ಹಿಂಬಾಲಿಸುತ್ತದೆ, ಹೊಸ ಫೈಲಿಗೆ ತಾನೇ ದಾಟಿಕೊಳ್ಳುತ್ತದೆ.

ಸಮಯದ ಮಾತು ಚಿಕ್ಕದು: ಲಾಗ್ ಸಾಲು ಬರೆಯುವ ಹಳೆಯ ಸಿಸ್‌ಲಾಗ್ ಮಾದರಿಯಲ್ಲಿ ಇಸವಿಯೂ ಇಲ್ಲ, ಟೈಮ್ ಝೋನೂ ಇಲ್ಲ. 2009ರ ಆರ್‌ಎಫ್‌ಸಿ 5424 ಎಂಬ ಮಾನದಂಡದ ಮಾದರಿಗೆ ಬದಲಿಸಿ, ಎಲ್ಲ ಯಂತ್ರಗಳಿಗೂ ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಕಿ. ಲಾಗ್‌ಗೆ ಬೇರೆಯೇ ಪಾರ್ಟಿಷನ್ ಇರಲಿ, ಡೀಬಗ್ (ತಪ್ಪು ಹುಡುಕಲು ಎಲ್ಲವನ್ನೂ ಬರೆದಿಡುವ ಸ್ಥಿತಿ) ಆಫ್ ಮಾಡಲು ಮರೆತ ಒಂದು ಸರ್ವಿಸ್ ಇಡೀ ಡಿಸ್ಕನ್ನೇ ನುಂಗಬಲ್ಲದು.

ಇಷ್ಟಾದ ಮೇಲೆ, ಕ್ಯೂ ಕೆಲಸ ಮಾಡುತ್ತಿದೆಯೇ ಎಂದು ನೋಡಲು, ಲಾಗ್ ಸರ್ವರಿನಲ್ಲಿ ಆರ್‌ಸಿಸ್‌ಲಾಗ್ ನಿಲ್ಲಿಸಿ, ಕಳಿಸುವ ಕಡೆಯಿಂದ, ಲಾಗ್‌ಗೆ ಸಾಲು ಬರೆಯುವ ಲಾಗರ್ ಆಜ್ಞೆಯಲ್ಲಿ ಹತ್ತು ಸಾಲು ಬಿಡಿ, ಮತ್ತೆ ಶುರುಮಾಡಿ ಎಣಿಸಿ. ಒಂದೆರಡು ಕಮ್ಮಿ ಬಂದರೂ ಬರಬಹುದು: ಸಂಪರ್ಕ ಕಡಿದದ್ದು ತಿಳಿಯುವ ಮೊದಲೇ ಕಳಿಸುವ ಯಂತ್ರದ ಕರ್ನಲ್ ಬಫರ್ (ತಾತ್ಕಾಲಿಕ ಸಂಗ್ರಹ) ಆ ಸಾಲನ್ನು ಇಸಿದುಕೊಂಡಿರುತ್ತದೆ, ಆರ್‌ಸಿಸ್‌ಲಾಗ್ ಅದು ತಲುಪಿತೆಂದೇ ನಂಬಿರುತ್ತದೆ. ಆ ಒಂದು ಸಾಲೂ ತಪ್ಪಬಾರದು ಎನ್ನುವ ಕೆಲಸವಾದರೆ ರೆಲ್ಪ್ ಎಂಬ ಸಾಗಣೆ ವಿಧಾನ ಬಳಸಿ. ಆಚೆಯವರು 'ಬಂತು' ಎನ್ನುವ ತನಕ ಅದು ಸಾಲನ್ನು ಕೈಬಿಡುವುದಿಲ್ಲ.